ಪಾಯಿಂಟ್ ಕಾರ್ಡಾ, ಸಪ್ಪೆ ಕಾರ್ಡಾ? ಎರಡನ್ನೂ ಬಳಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಪ್ಪೆ ಕಾರ್ಡಿಗೆ. ಅದಕ್ಕೆ ವರ್ಷದ ಶುಲ್ಕ ಇಲ್ಲ, ಹೇಳಿಕೊಳ್ಳುವಂಥ ಪಾಯಿಂಟೂ ಇಲ್ಲ. ಅದರ ಜೊತೆಗೆ ಒಂದೂವರೆ ವರ್ಷ ಪಾಯಿಂಟ್ ಕೊಡುವ ಇನ್ನೊಂದು ಕ್ರೆಡಿಟ್ ಕಾರ್ಡನ್ನೂ ಇಟ್ಟುಕೊಂಡಿದ್ದೆ. ಈಗ ಅದು ಕತ್ತರಿಗೆ ಸಿಕ್ಕಿ ನಾಲ್ಕು ತುಂಡಾಗಿದೆ.

ಪಾಯಿಂಟ್ ಕಾರ್ಡಿಗೆ ವರ್ಷಕ್ಕೆ 1,000 ಶುಲ್ಕ. ಖರ್ಚಿನಲ್ಲಿ ಶೇ. 1ರಷ್ಟು ಪಾಯಿಂಟ್ ರೂಪದಲ್ಲಿ ವಾಪಸ್. ಸಪ್ಪೆ ಕಾರ್ಡು ಶುಲ್ಕವಿಲ್ಲದೆ ಅರ್ಧ ಪರ್ಸೆಂಟ್ ಕೊಡುತ್ತದೆ. ಅಂದರೆ ವರ್ಷಕ್ಕೆ 2,00,000 ಖರ್ಚು ಮಾಡಿದಾಗ ಎರಡೂ ಸಮಸಮ. ಅದನ್ನು ದಾಟಿದರೆ ಮಾತ್ರ ಪಾಯಿಂಟ್ ಕಾರ್ಡಿನಿಂದ ಲಾಭ. ನನ್ನ ಖರ್ಚು ಅದರ ಅರ್ಧವೂ ಮುಟ್ಟಲ್ಲ. ಪಾಯಿಂಟ್ ಬರುತ್ತದಲ್ಲ ಅಂತ ಬೇಡದ್ದನ್ನು ಕೊಂಡದ್ದೂ ಉಂಟು, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಇಷ್ಟಕ್ಕೇ ಆಗಿದ್ದರೆ ಕಾರ್ಡು ಸುಮ್ನೆ ಪರ್ಸಿನಲ್ಲಿ ಬಿದ್ದಿರುತ್ತಿತ್ತು. ಕತ್ತರಿ ಹಿಡಿಸಿದ್ದು ಒಂದು ರೀಫಂಡ್.

ತಿಂಗಳ ಬಿಲ್ಲಿನ ಲೆಕ್ಕ ಶುರುವಾದ ದಿನವೇ 20,000ದ ವಸ್ತುಗಳನ್ನು ಕೊಂಡಿದ್ದೆ. ಅದರಲ್ಲಿ 500ರದ್ದೊಂದು ಸರಿಯಿಲ್ಲ ಅಂತ ವಾಪಸ್ ಮಾಡಿದೆ. ಬಿಲ್ ಬಂದಾಗ ಪೂರ್ತಿ 20,000 ತೋರಿಸುತ್ತಿತ್ತು. 500 ಹೇಗೂ ಬರುತ್ತದೆ ಅಂತ ಕಳೆದು, ಬಿಲ್ ಕಟ್ಟಲು ಇದ್ದ ಕೊನೇ ದಿನ 19,500 ಕಟ್ಟಿದೆ. ಯಾರಾದರೂ ಹಾಗೇ ಮಾಡುತ್ತಾರೆ, ಅಲ್ವಾ? ರೀಫಂಡ್ ಬಂತು. ಆದರೆ ಕೊನೇ ದಿನ ದಾಟಿ ಮೂರು ದಿನಕ್ಕೆ.

ಮುಂದಿನ ಬಿಲ್ಲಿನಲ್ಲಿ ಬಡ್ಡಿ ಅಂತ ಒಂದು ಸಾಲು: 988. ಉಳಿಸಿದ್ದು 500, ಬಡ್ಡಿ 988! ಮೂಗಿಗಿಂತ ಮೂಗುತಿ ಭಾರ ಅಂದರೆ ಇದೇ. ತಪ್ಪಾಗಿದೆ ಅಂತ ಫೋನ್ ಮಾಡಿದೆ. ತಪ್ಪಿರಲಿಲ್ಲ. ಆ ಕಾರ್ಡಿನ ನಿಯಮದಲ್ಲಿ ಪೂರ್ತಿ ಕಟ್ಟದಿದ್ದರೆ ಬಡ್ಡಿ ಇಲ್ಲದ ಅವಧಿಯೇ ರದ್ದು. ಉಳಿದ 500ಕ್ಕಲ್ಲ, ಇಡೀ 20,000ಕ್ಕೆ, ಅದೂ ಕೊಂಡ ದಿನದಿಂದಲೇ ಬಡ್ಡಿ. ಕೊಂಡ ದಿನದಿಂದ ಕಟ್ಟಿದ ದಿನದವರೆಗೆ 50 ದಿನ, ವರ್ಷಕ್ಕೆ ಶೇ. 36ರಂತೆ 986. ಮೇಲೆ 500ಕ್ಕೆ ಮೂರು ದಿನದ್ದು ಒಂದೂವರೆ. ನಾನೇ ಕ್ಯಾಲ್ಕುಲೇಟರ್ ಹಿಡಿದು ನೋಡಿದೆ, ಸರಿಯಾಗಿ ಕೂತಿತು.

ಅಲ್ಲಿಗೂ ಮುಗಿಯಲಿಲ್ಲ. ಬಾಕಿ ಇದ್ದ ತಿಂಗಳಲ್ಲಿ ಹೊಸದಾಗಿ ಕೊಂಡದ್ದಕ್ಕೂ ಕೊಂಡ ದಿನದಿಂದಲೇ ಬಡ್ಡಿಯ ಮೀಟರ್ ಓಡಿತ್ತು. ಸಿಟ್ಟಿನಲ್ಲಿ ಆ ಬಿಲ್ಲನ್ನು ಪೂರ್ತಿ ಕಟ್ಟಿದೆ. ಅದರ ಮುಂದಿನ ತಿಂಗಳು ಮತ್ತೆ ಒಂದು ಪುಟ್ಟ ಬಡ್ಡಿ! ಬಿಲ್ ತಯಾರಾದ ದಿನದಿಂದ ನಾನು ಕಟ್ಟಿದ ದಿನದವರೆಗಿನದಂತೆ. ಬಾಲ ಕತ್ತರಿಸಿದ ಮೇಲೂ ಹಲ್ಲಿಯ ಬಾಲ ಕುಣಿಯುತ್ತದಲ್ಲ, ಹಾಗೆ. ಶೇ. 1ರ ಪಾಯಿಂಟಿನಲ್ಲಿ ಆ 988 ವಾಪಸ್ ಬರಬೇಕಾದರೆ ನಾನು 98,800 ಖರ್ಚು ಮಾಡಬೇಕು.

ಆಮೇಲೆ ಸಪ್ಪೆ ಕಾರ್ಡಿನ ನಿಯಮ ತೆಗೆದು ಓದಿದೆ. ಅಲ್ಲಿ ಉಳಿದ ಮೊತ್ತಕ್ಕೆ ಮಾತ್ರ, ಅದೂ ಕೊನೇ ದಿನ ದಾಟಿದ ಮೇಲಷ್ಟೇ ಬಡ್ಡಿ. ನನ್ನ ಇದೇ ಎಡವಟ್ಟು ಆ ಕಾರ್ಡಿನಲ್ಲಿ ಆಗಿದ್ದರೆ ಎರಡು ರೂಪಾಯಿ ಕೂಡ ಹೋಗುತ್ತಿರಲಿಲ್ಲ. ಈ ಒಂದು ವ್ಯತ್ಯಾಸವನ್ನು ಯಾವ ಜಾಹೀರಾತೂ ಹೇಳಲ್ಲ.

ಮಿನಿಮಮ್ ಡ್ಯೂ, ಅಂದರೆ ತಿಂಗಳಿಗೆ ಕನಿಷ್ಠ ಇಷ್ಟಾದರೂ ಕಟ್ಟಿ ಅನ್ನುವ ಮೊತ್ತದ ವಿಷಯದಲ್ಲಿ ಎರಡೂ ಕಾರ್ಡು ಒಂದೇ ಜಾತಿ. ತಿಂಗಳಿಗೆ ಶೇ. 3 ಬಡ್ಡಿ ಹತ್ತುತ್ತಾ, ನೀವು ಬಾಕಿಯ ಬರೀ ಶೇ. 5 ಕಟ್ಟುತ್ತಾ ಹೋದರೆ, ಹೊಸದಾಗಿ ಏನೂ ಕೊಳ್ಳದಿದ್ದರೂ ಸಾಲ ಅರ್ಧಕ್ಕೆ ಇಳಿಯಲು 32 ತಿಂಗಳು ಬೇಕು. ಅರ್ಧಕ್ಕೆ ಅಷ್ಟೇ, ತೀರುವುದಕ್ಕಲ್ಲ. ಆಟೋ ಪೇಮೆಂಟ್ ಹಾಕುವಾಗ ಸಪ್ಪೆ ಕಾರ್ಡಿನಲ್ಲೂ ಮೊದಲೇ ಟಿಕ್ ಆಗಿದ್ದದ್ದು ಮಿನಿಮಮ್ ಅನ್ನೋದೇ. ನೋಡಿಕೊಂಡು ಪೂರ್ತಿ ಮೊತ್ತಕ್ಕೆ ಬದಲಿಸಬೇಕಾಯಿತು. ನನ್ನ ಸಪ್ಪೆ ಕಾರ್ಡಿನ ಮೇಲೆ ನನಗಿರುವ ದೂರು ಇದೊಂದೇ.

ಕ್ರೆಡಿಟ್ ಕಾರ್ಡಿನಲ್ಲಿ ಎಟಿಎಂನಿಂದ ಹಣ ತೆಗೆಯೋದು: ಎರಡರಲ್ಲೂ ಬೇಡ. ಶುಲ್ಕವೂ ಉಂಟು, ಬಡ್ಡಿಯೂ ಅದೇ ದಿನದಿಂದ.

ಡೆಬಿಟ್ ಕಾರ್ಡೇ ಸಾಕಲ್ಲ ಅಂತ ಎರಡು ತಿಂಗಳು ಅದನ್ನೂ ನೋಡಿದೆ. ಬಡ್ಡಿಯ ಕಾಟ ಇಲ್ಲ, ನಿಜ. ಆದರೆ ಒಂದು ಸಲ ಒಂದೇ ವಸ್ತುವಿಗೆ ಎರಡು ಬಾರಿ ಹಣ ಕಟ್ ಆಯಿತು. ವಾಪಸ್ ಬರುವವರೆಗೆ ನನ್ನ ಸ್ವಂತ ದುಡ್ಡೇ ಸಿಕ್ಕಿಕೊಂಡಿತ್ತು. ಕ್ರೆಡಿಟ್ ಕಾರ್ಡಾದರೆ ಬಿಲ್ ಕಟ್ಟುವವರೆಗೆ ಖಾತೆಯ ದುಡ್ಡು ಹೋಗುವುದಿಲ್ಲ.

ನಾನು ತಾರೀಖು ಮರೆಯುವ ಮನುಷ್ಯ. ಖರ್ಚೂ ಕಮ್ಮಿ. ಹಾಗಾಗಿ ಸಪ್ಪೆ ಕಾರ್ಡು, ಪೂರ್ತಿ ಮೊತ್ತದ ಆಟೋ ಪೇಮೆಂಟ್, ರೀಫಂಡ್ ಬಾಕಿ ಇದ್ದರೂ ಬಿಲ್ಲಿನಲ್ಲಿ ಇದ್ದಷ್ಟು ಕಟ್ಟುವುದು. ಜಾಸ್ತಿ ಖರ್ಚು ಮಾಡುವವರು, ತಾರೀಖು ತಪ್ಪದವರು ಪಾಯಿಂಟ್ ಕಾರ್ಡಿನಿಂದ ಲಾಭ ಮಾಡಿಕೊಳ್ಳಬಹುದು.

ಅಂದಹಾಗೆ, ಕಾರ್ಡು ಮುಚ್ಚಿಸುವ ಮೊದಲು ಉಳಿದ ಪಾಯಿಂಟ್ ಬಳಸಿಬಿಡೋಣ ಅಂತ ಹೋದೆ. ಅದಕ್ಕೂ ಒಂದು ಶುಲ್ಕ ಇತ್ತು.