ತಂತ್ರಾಂಶಕ್ಕೆ ನಾಲ್ಕೂವರೆ ಸ್ಟಾರ್, ಇನ್‌ಸ್ಟಾಲ್‌ಗೆ ಒಂದೇ

ಈ ಓಪನ್ ಸೋರ್ಸ್ ತಂತ್ರಾಂಶದ ಹೆಸರು ಬರೆಯುತ್ತಿಲ್ಲ. ಇದೇ ತೊಂದರೆ ಇನ್ನೂ ಎಷ್ಟೋ ಪ್ರಾಜೆಕ್ಟ್‌ಗಳಲ್ಲಿದೆ, ಒಂದರ ತಲೆಗೆ ಮಾತ್ರ ಕಟ್ಟಿದರೆ ಅನ್ಯಾಯ. ಅದು ಮಾಡುವ ಕೆಲಸ ಇಷ್ಟು: ಸ್ಕ್ಯಾನ್ ಮಾಡಿದ ಬಿಲ್ಲು, ರಸೀದಿ, ಪತ್ರಗಳನ್ನು ಒಳಗೆ ಹಾಕಿದರೆ ಅಕ್ಷರಗಳನ್ನು ಓದಿ ವಿಂಗಡಿಸಿ ಇಡುತ್ತದೆ, ಆಮೇಲೆ ಅದರಲ್ಲಿನ ಯಾವ ಪದ ಹುಡುಕಿದರೂ ಆ ಕಾಗದ ಎದುರಿಗೆ ಬರುತ್ತದೆ. ಎಲ್ಲವೂ ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಯಾರದೋ ಸರ್ವರಿಗೆ ಹೋಗುವುದಿಲ್ಲ. ಓಡತೊಡಗಿದ ಮೇಲೆ ಬಹಳ ಚೆನ್ನಾಗಿದೆ, ಅದಕ್ಕೇ ನಾಲ್ಕೂವರೆ.

ಅಲ್ಲಿಯವರೆಗೆ ಹೋಗುವುದೇ ಕಷ್ಟ.

ಇನ್‌ಸ್ಟಾಲ್ ಪುಟದಲ್ಲಿ ಇರುವುದು ಮೂರೇ ಕಮಾಂಡ್. ಮೊದಲನೆಯದು ಪಿಪ್ ಇನ್‌ಸ್ಟಾಲ್, ಅಂದರೆ ಪೈಥಾನ್ ಭಾಷೆಯ ತಂತ್ರಾಂಶಗಳನ್ನು ಇಳಿಸಿ ಹಾಕುವ ಕಮಾಂಡ್. 2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್‌ನಲ್ಲಿ ಇದು ಸುಮ್ನೆ ಓಡುವುದಿಲ್ಲ. ಸಿಸ್ಟಮ್ಮಿನ ಪೈಥಾನನ್ನು ಪಿಪ್ ಕೆಡಿಸಬಾರದು ಅಂತ ಅಲ್ಲೇ ತಡೆ ಹಾಕಿದ್ದಾರೆ. ತಡೆ ಸರಿಯಾಗೇ ಇದೆ, ನನ್ನ ತಕರಾರು ಅದರ ಮೇಲಲ್ಲ. ಆದರೆ ಪುಟದಲ್ಲಿ ಅದರ ಸುದ್ದಿಯೇ ಇಲ್ಲ. ಹುಡುಕಿದರೆ ಸಿಗುವ ಸಲಹೆ ಏನು ಗೊತ್ತಾ? "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಅನ್ನುವ ಆಯ್ಕೆ ಸೇರಿಸಿ ಓಡಿಸಿ ಅಂತ. ಏನು ಹಾಳಾಗಬಹುದು ಅಂತ ಆ ಹೆಸರೇ ಹೇಳುತ್ತಿದೆ, ಆದರೂ ಹೊಸಬರಿಗೆ ಅದನ್ನೇ ಕೊಡುತ್ತಾರೆ. ಸರಿಯಾದ ದಾರಿ ವರ್ಚುವಲ್ ಎನ್ವಿರಾನ್ಮೆಂಟ್, ಅಂದರೆ ಸಿಸ್ಟಮ್ಮಿನ ಪೈಥಾನ್ ಮುಟ್ಟದೆ ಈ ತಂತ್ರಾಂಶಕ್ಕೇ ಕೊಡುವ ಬೇರೆ ಜಾಗ. ಡೆಬಿಯನ್‌ನಲ್ಲಿ ಅದಕ್ಕೂ ಬೇರೆ ಪ್ಯಾಕೇಜ್ ಹಾಕಿಕೊಳ್ಳಬೇಕು.

ಅದಾದ ಮೇಲೆ, ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ತಿರುಗಿಸುವ ಕಂಪೈಲರ್ ನಿಂತಿತು, "ಪೈಥಾನ್ ಡಾಟ್ ಎಚ್" ಸಿಗಲಿಲ್ಲ ಅಂತ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಲೈಬ್ರರಿ ಒಂದು ಪ್ಯಾಕೇಜ್, ಕಂಪೈಲರ್ ಕೇಳುವ ಅದರ ಹೆಡರ್ ಫೈಲ್‌ಗಳು ("ಪೈಥಾನ್ ಡಾಟ್ ಎಚ್" ಅಂಥವು) ಇನ್ನೊಂದು. ಎರಡನೆಯದರ ಹೆಸರಿನ ಕೊನೆಗೆ "ಡೆವ್" ಅಂತ ಇರುತ್ತದೆ, ಫೆಡೋರಾದಲ್ಲಾದರೆ "ಡೆವೆಲ್". ಗೊತ್ತಿದ್ದವರಿಗೆ ಒಂದು ನಿಮಿಷದ ಕೆಲಸ. ಗೊತ್ತಿಲ್ಲದವರು ಆ ಉದ್ದದ ಕೆಂಪು ಎರರ್ ನೋಡಿ ಯಂತ್ರವೇ ಕೆಟ್ಟಿತೇನೋ ಅಂದುಕೊಳ್ಳುತ್ತಾರೆ, ಏಕೆಂದರೆ ಯಾವ ಪ್ಯಾಕೇಜ್ ಬೇಕು ಅಂತ ಅದರಲ್ಲಿ ಎಲ್ಲೂ ಬರೆದಿರುವುದಿಲ್ಲ.

ಪೈಥಾನ್ 3.12 ಇದ್ದ ಇನ್ನೊಂದು ಯಂತ್ರದಲ್ಲಿ ಕತೆ ಬೇರೆ. ಆ ಆವೃತ್ತಿಯಿಂದ ಡಿಸ್ಟ್‌ಯುಟಿಲ್ಸ್ ಅನ್ನುವ, ಪ್ಯಾಕೇಜ್ ಕಟ್ಟುವ ಹಳೇ ಸಾಧನವನ್ನು ತೆಗೆದುಹಾಕಿದ್ದಾರೆ, ಈ ತಂತ್ರಾಂಶಕ್ಕೆ ಬೇಕಾದ ಒಂದು ಹಳೇ ಡಿಪೆಂಡೆನ್ಸಿ ಇನ್ನೂ ಅದನ್ನೇ ಕೇಳುತ್ತದೆ. ಯಾವ ಪೈಥಾನ್ ಬೇಕು ಅಂತ ಪುಟದಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು ಅಲ್ವಾ?

ಕೊನೆಗೆ ಡಾಕರ್‌ನಲ್ಲಿ ಹಾಕಿದೆ, ಓಡಿತು. ತಂತ್ರಾಂಶವನ್ನು ಅದಕ್ಕೆ ಬೇಕಾದದ್ದೆಲ್ಲದರ ಜೊತೆ ಕಂಟೇನರ್ ಅನ್ನುವ ಒಂದೇ ಡಬ್ಬಿಯಲ್ಲಿ ಓಡಿಸುವ ಸಾಧನ ಅದು. ಡಾಕರ್ ಬಂದ ಮೇಲೆ ಈ ಗೋಳು ನಿಜಕ್ಕೂ ಕಡಿಮೆಯಾಗಿದೆ. ಆದರೆ ಅವರು ಕೊಟ್ಟ ಕಂಪೋಸ್ ಫೈಲನ್ನು, ಅಂದರೆ ಏನೇನು ಹೇಗೆ ಓಡಿಸಬೇಕು ಅಂತ ಡಾಕರ್‌ಗೆ ಹೇಳುವ ಫೈಲನ್ನು, ಹಾಗೇ ಬಳಸಬೇಡಿ. ಒಂದನೆಯದು, ಸ್ಕ್ಯಾನ್ ಫೈಲ್‌ಗಳು ಕೂರುವ ಫೋಲ್ಡರಿಗೆ ವಾಲ್ಯೂಮ್ (ಕಂಟೇನರಿನ ಹೊರಗೆ ಉಳಿಯುವ ಜಾಗ) ಕೊಟ್ಟಿಲ್ಲ, ಕಂಟೇನರ್ ಅಳಿಸಿದರೆ ಕಾಗದಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಇನ್ನು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಆವೃತ್ತಿಯ ಅಂಕೆ ಬದಲು "ಲೇಟೆಸ್ಟ್" ಅಂತ ಬರೆದಿದ್ದಾರೆ. ಪೋಸ್ಟ್‌ಗ್ರೆಸ್ 15 ಬರೆದಿಟ್ಟ ಡೇಟಾ ಫೋಲ್ಡರನ್ನು 16 ನೇರವಾಗಿ ತೆರೆಯುವುದಿಲ್ಲ, ಮೊದಲು ಡೇಟಾದ ಪ್ರತಿ (ಡಂಪ್) ತೆಗೆದು ಹೊಸದಕ್ಕೆ ತುಂಬಬೇಕು, ಇಲ್ಲವೇ ಅಪ್‌ಗ್ರೇಡ್ ಸಾಧನ ಓಡಿಸಬೇಕು. ಹಾಗಾಗಿ ಮುಂದೊಂದು ದಿನ ಇಮೇಜ್ (ಕಂಟೇನರ್ ಕಟ್ಟುವ ಮೂಲ ಪ್ರತಿ) ಅಪ್‌ಡೇಟ್ ಮಾಡಿದ ಕೂಡಲೇ ಡೇಟಾಬೇಸ್ ಏಳುವುದೇ ಇಲ್ಲ. ಆವೃತ್ತಿಯ ಅಂಕೆಯನ್ನು ಬರೆದೇ ಇಡಿ. ಈ ಎರಡೂ ಸಣ್ಣ ವಿಷಯಗಳಲ್ಲ. ಜನ ತಮ್ಮ ಮುಖ್ಯ ಕಾಗದಪತ್ರಗಳನ್ನು ನಂಬಿ ಒಳಗೆ ಹಾಕುವ ತಂತ್ರಾಂಶ ಇದು.

ಪುಕ್ಕಟೆ ಕೊಟ್ಟವರನ್ನು ಯಾಕೆ ಬೈಯುತ್ತೀರಿ ಅಂತ ಯಾರಾದರೂ ಕೇಳಬಹುದು. ಬೈಯುತ್ತಿಲ್ಲ. ಬಿಡುವಿನ ಹೊತ್ತಿನಲ್ಲಿ ಇಷ್ಟು ಒಳ್ಳೆಯದನ್ನು ಕಟ್ಟಿ ಎಲ್ಲರಿಗೂ ತೆರೆದಿಟ್ಟವರ ಮೇಲೆ ನನಗೆ ತುಂಬಾ ಗೌರವವಿದೆ. ಆ ಗೌರವಕ್ಕೇ ಸಿಟ್ಟು ಬರುತ್ತದೆ. ತಮ್ಮ ಕಾಗದ ತಮ್ಮ ಹತ್ತಿರವೇ ಇರಲಿ ಅಂತ ಬಯಸುವವರು ಟರ್ಮಿನಲ್ ಗೊತ್ತಿರುವವರಷ್ಟೇ ಅಲ್ಲ. ಎರಡನೇ ಎರರ್‌ಗೆ ಅವರು ಬಿಟ್ಟು ಹೋಗಿ ದೊಡ್ಡ ಕಂಪನಿಯ ಕ್ಲೌಡ್ ಸೇವೆಗೆ ಸೇರಿಕೊಳ್ಳುತ್ತಾರೆ, ವಾಪಸ್ ಬರುವುದಿಲ್ಲ. ವಿಎಲ್‌ಸಿ ನೋಡಿ, ಲಿಬ್ರೆಆಫೀಸ್ ನೋಡಿ: ಡೌನ್‌ಲೋಡ್ ಮಾಡಿ, ಒತ್ತಿ, ಮುಗಿಯಿತು. ಅವೂ ಓಪನ್ ಸೋರ್ಸೇ. ಸರ್ವರ್ ತಂತ್ರಾಂಶ ಅಷ್ಟು ಸುಲಭವಾಗಲಾರದು, ಒಪ್ಪುತ್ತೇನೆ. ಆದರೆ ಬಿಡುಗಡೆಗೆ ಮುಂಚೆ ಏನೂ ಹಾಕಿರದ ಹೊಸ ವರ್ಚುವಲ್ ಮೆಷಿನ್‌ನಲ್ಲಿ ತಮ್ಮದೇ ಪುಟದ ಕಮಾಂಡ್‌ಗಳನ್ನು ಒಮ್ಮೆ ಓಡಿಸಿ ನೋಡಲಿ. ಬರೆದವರ ಯಂತ್ರದಲ್ಲಿ ಬೇಕಾದದ್ದೆಲ್ಲ ಮೊದಲೇ ಕೂತಿರುತ್ತದೆ, ಅದಕ್ಕೇ ಅವರ ಕಣ್ಣಿಗೆ ಇದು ಬೀಳುವುದಿಲ್ಲ.

ಬಿಟ್ಟುಹೋದ ಪ್ಯಾಕೇಜ್‌ಗಳ ಹೆಸರು, ಪೈಥಾನ್ ಆವೃತ್ತಿ, ವಾಲ್ಯೂಮ್ ಸಾಲು ಎಲ್ಲ ಸೇರಿಸಿ ಅವರಿಗೆ ತಿದ್ದುಪಡಿ ಕಳಿಸಿದ್ದೇನೆ. ಡಾಕರ್ ಗೊತ್ತಿದ್ದರೆ ಈಗಲೇ ಹಾಕಿಕೊಳ್ಳಿ, ಖಂಡಿತ ಇಷ್ಟವಾಗುತ್ತದೆ. ಗೊತ್ತಿಲ್ಲದಿದ್ದರೆ ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ, ಮೂಲ ಕಾಗದಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡೇ ಶುರು ಮಾಡಿ.