ಆರು ತಿಂಗಳ ಫೀಸು ಒಟ್ಟಿಗೆ ಕಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಶಿವಮೊಗ್ಗದಲ್ಲಿ ಪುಟ್ಟ ಮಗುವಿಗೆ ಡೇ ಕೇರ್ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಜಾಗದ ಹೆಸರು ಹೇಳುವುದಿಲ್ಲ. ದೂರು ಕೊಟ್ಟಿದ್ದೇನೆ, ಅದರ ವಿಚಾರಣೆ ಆಗಲಿ. ಆದರೆ ನಾನು ಎಲ್ಲಿ ಎಡವಿದೆ ಅನ್ನುವುದು ನಿಮಗೆ ಗೊತ್ತಾಗಬೇಕು.

ನನ್ನ ಮಗಳಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. 26 ವಾರಗಳ ಹೆರಿಗೆ ರಜೆ ಮುಗಿದ ಮೇಲೆ ಅಮ್ಮ ತೀರ್ಥಹಳ್ಳಿ ಕಡೆಯಿಂದ ಬಂದು ಹತ್ತು ತಿಂಗಳು ನೋಡಿಕೊಂಡಳು. ದೀಪಾವಳಿ ಕಳೆಯಿತು, ಅಡಿಕೆ ಕೊಯ್ಲು ಶುರುವಾಯಿತು. ಗೊನೆ ಇಳಿಸುವವರಿಗೆ ಊಟ, ಸುಲಿಯುವವರಿಗೆ ಕಾಫಿ, ಬೇಯಿಸುವುದು, ಒಣಗಿಸುವುದು. ಅಪ್ಪ ಒಬ್ಬರಿಂದ ಆಗುವ ಕೆಲಸ ಅಲ್ಲ. ಅಮ್ಮ ಕಣ್ಣೊರೆಸಿಕೊಂಡೇ ಬಸ್ ಹತ್ತಿದಳು.

ನನಗೆ ಬೇರೆ ದಾರಿ ಇರಲಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಚೇರಿಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದು 2017ರಿಂದ ಕಾನೂನಿದೆ. ನಮ್ಮ ಆಫೀಸಿನಲ್ಲಿ ನಾವು ಹದಿನಾಲ್ಕು ಜನ. ಹಳ್ಳಿಯಲ್ಲಿ ಕೂಲಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರ ಇದೆ. ಅಂಗನವಾಡಿಯಲ್ಲಿ ಕೂರಿಸಿಕೊಂಡು ಕಲಿಸುವುದು ಮೂರು ತುಂಬಿದವರಿಗೆ. ಪೇಟೆಯಲ್ಲಿ, ಸಣ್ಣ ಆಫೀಸಿನಲ್ಲಿ, ಒಂದು ವರ್ಷದ ಮಗು ಇಟ್ಟುಕೊಂಡು ದುಡಿಯುವವಳು ಇದ್ಯಾವುದರಲ್ಲೂ ಸೇರುವುದಿಲ್ಲ. ಆಗ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತೇವೆ, ಅಲ್ವಾ?

ಸಿಕ್ಕಿದ್ದು ಒಂದು ಚೆಂದದ ಮನೆ. ಗೋಡೆ ತುಂಬ ಆನೆ, ನವಿಲು. ನೆಲಕ್ಕೆ ಮೆತ್ತನೆಯ ಮ್ಯಾಟ್. ಬಾಗಿಲಲ್ಲಿ ಸಿಸಿಟಿವಿ. ತಿಂಗಳಿಗೆ 5,500 ರೂಪಾಯಿ, ಸೇರಿಸುವಾಗ 4,000. ಆರು ತಿಂಗಳದ್ದು ಒಟ್ಟಿಗೆ ಕೊಟ್ಟರೆ 30,000, ಅಂದರೆ ಮೂರು ಸಾವಿರ ಉಳಿತಾಯ. ನಮ್ಮನೆಯವರೂ ನಾನೂ ಕೂತು ಲೆಕ್ಕ ಹಾಕಿದೆವು. ಮೂರು ಸಾವಿರ ನಮಗೆ ಸಣ್ಣ ದುಡ್ಡಲ್ಲ. ಕಟ್ಟಿಬಿಟ್ಟೆವು. ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿಕೊಟ್ಟರು. ಅದರಲ್ಲಿ ಸಂಸ್ಥೆಯ ಹೆಸರಿಲ್ಲ, ನೋಂದಣಿ ಸಂಖ್ಯೆ ಇಲ್ಲ. ನಾನು ಕೇಳಲೂ ಇಲ್ಲ.

ಮೂರನೇ ವಾರಕ್ಕೇ ಏನೋ ಸರಿಯಿಲ್ಲ ಅನ್ನಿಸಿತ್ತು. ಸಂಜೆ ಕರೆತರುವಾಗ ಮಗು ಗಾಡಿಯಲ್ಲೇ ತೂಕಡಿಸುತ್ತಿತ್ತು. ಮನೆಗೆ ಬಂದರೆ ಗಬಗಬ ತಿನ್ನುತ್ತಿತ್ತು, ಡಬ್ಬಿ ಮಾತ್ರ ಖಾಲಿ ಇರುತ್ತಿತ್ತು. ರಾತ್ರಿ ಒಂದು ಗಂಟೆಯಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಕೇಳಿದರೆ, "ಇಲ್ಲಿ ಚೆನ್ನಾಗಿ ಆಡ್ತಾಳೆ ಮೇಡಂ, ಸುಸ್ತಾಗಿರುತ್ತೆ" ಅನ್ನುತ್ತಿದ್ದರು.

ಈಗ ನಾನು ಹೇಳಬೇಕಾದ ಮಾತು ಇದು. ನನಗೆ ಅನುಮಾನ ಬಂದಿತ್ತು. ಆದರೂ ಇನ್ನೂ ಐದು ವಾರ ಅಲ್ಲೇ ಬಿಟ್ಟೆ. ಯಾಕೆಂದರೆ ದುಡ್ಡು ಕಟ್ಟಿಯಾಗಿತ್ತು. ಪ್ರತಿ ಸಲ ಬಿಡಿಸೋಣ ಅಂದುಕೊಂಡಾಗ, "ಇನ್ನೂ ನಾಲ್ಕು ತಿಂಗಳ ದುಡ್ಡು ಇದೆಯಲ್ಲ, ಹೊಂದಿಕೊಳ್ಳುತ್ತಾಳೆ ಬಿಡು" ಎಂದು ನನಗೆ ನಾನೇ ಹೇಳಿಕೊಂಡೆ. ತಿಂಗಳು ತಿಂಗಳು ಕಟ್ಟುತ್ತಿದ್ದರೆ ಮರುದಿನವೇ ಬಿಡಿಸುತ್ತಿದ್ದೆ.

ಜನವರಿಯಲ್ಲಿ ಒಂದು ದಿನ ಆಫೀಸಿನಲ್ಲಿ ಕರೆಂಟ್ ಹೋಗಿ ಮಧ್ಯಾಹ್ನವೇ ಬಿಟ್ಟರು. ಫೋನ್ ಮಾಡದೆ ಒಂದೂವರೆಗೆ ಹೋದೆ. ಒಳಗಿನಿಂದ ಚಿಲಕ. ತೆಗೆಯಲು ಹತ್ತು ನಿಮಿಷ ಆಯಿತು. ನಡೆಸುವವರು ಇರಲಿಲ್ಲ. ಹದಿನೇಳು ಮಕ್ಕಳು, ಒಬ್ಬಳೇ ಆಯಾ. ಸಾಲಾಗಿ ಮಲಗಿಸಿದ್ದರು. ಒಂದು ಮಗುವೂ ಅಳುತ್ತಿರಲಿಲ್ಲ. ಹದಿನೇಳು ಮಕ್ಕಳಿರುವ ಮನೆ ಅಷ್ಟು ಸದ್ದಿಲ್ಲದೆ ಇರಬಾರದು. ನನ್ನ ಮಗಳನ್ನು ಎತ್ತಿಕೊಂಡೆ, ಎಚ್ಚರವಾಗಲಿಲ್ಲ. ಹೆಸರು ಹಿಡಿದು ಕರೆದೆ, ಕೆನ್ನೆ ತಟ್ಟಿದೆ. ಕತ್ತು ಹಾಗೇ ನನ್ನ ಹೆಗಲಿಗೆ ವಾಲಿತು.

ಕಿಟಕಿ ಕಟ್ಟೆಯ ಮೇಲೆ ಶೀತದ ಔಷಧಿ ಬಾಟಲಿ ಇತ್ತು, ಪಕ್ಕದಲ್ಲಿ ಚಮಚ.

ಆಯಾ ಅಳುತ್ತಾ ಹೇಳಿದಳು: "ಅಕ್ಕಾ, ನಾನೊಬ್ಳೇ. ಇವ್ರು ಮಲಗ್ದಿದ್ರೆ ನಾನು ಎಂತ ಮಾಡ್ಲಿ? ಮೇಡಂ ಕೊಡು ಅಂದಿದ್ದು ಕೊಟ್ಟೆ."

ಅವಳ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬಳ ಕೈಗೆ ಹದಿನೇಳು ಮಕ್ಕಳನ್ನು ಕೊಟ್ಟವರ ಮೇಲೆ ಇದೆ.

ಬಾಟಲಿಯ ಫೋಟೋ ತೆಗೆದುಕೊಂಡು ಸೀದಾ ಮಕ್ಕಳ ಡಾಕ್ಟರ ಹತ್ತಿರ ಓಡಿದೆ. ಅದರಲ್ಲಿದ್ದದ್ದು ನಿದ್ದೆ ತರಿಸುವ ಕ್ಲೋರ್‌ಫೆನಿರಮೈನ್ ಮತ್ತು ಕಟ್ಟಿದ ಮೂಗು ಬಿಡಿಸುವ ಫಿನೈಲೆಫ್ರಿನ್. ಇವೆರಡೂ ಸೇರಿದ ಶೀತದ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು. ಹಾಗೆಂದು ಬಾಟಲಿಯ ಮೇಲೇ ಅಚ್ಚು ಹಾಕಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ. "ಎಷ್ಟು ಎಂ.ಎಲ್. ಕೊಟ್ಟಿದ್ದಾರೆ, ಎಷ್ಟು ದಿನದಿಂದ?" ಎಂದು ಡಾಕ್ಟರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಜೆ ಆರಕ್ಕೆ ಮಗು ಕಣ್ಣು ಬಿಟ್ಟು "ಅಮ್ಮ" ಅಂದಿತು. ಈಗ ಆರಾಮಾಗಿದ್ದಾಳೆ.

ಉಳಿದ ದುಡ್ಡು ಕೇಳಿದರೆ "ರೀಫಂಡ್ ಇಲ್ಲ" ಎಂದು ಒಂದು ಸಾಲಿನ ಮೆಸೇಜು ಬಂತು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಿದ್ದೇನೆ. ದುಡ್ಡಿನ ವಿಷಯಕ್ಕೆ ಗ್ರಾಹಕರ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ. ಆದರೆ ಬಿಳಿ ಹಾಳೆಯ ಚೀಟಿ ಹಿಡಿದು ಹೋಗುವುದು ಎಷ್ಟು ಕಷ್ಟ ಅಂತ ಈಗ ಗೊತ್ತಾಗುತ್ತಿದೆ. ಫೋನ್‌ಪೇಯಲ್ಲಿ ಕಟ್ಟಿದ್ದು ಒಂದೇ ನನಗಿರುವ ಆಧಾರ.

ಈಗ ನಮ್ಮ ಬೀದಿಯ ಒಬ್ಬರು ದೊಡ್ಡಮ್ಮ ನೋಡಿಕೊಳ್ಳುತ್ತಿದ್ದಾರೆ. ನಮ್ಮ ಮಗು, ಎದುರು ಮನೆಯ ಮಗು, ಎರಡೇ. ಎರಡೂ ಮನೆಯವರು ಸೇರಿ ತಿಂಗಳಿಗೆ 9,000 ಕೊಡುತ್ತೇವೆ, ತಿಂಗಳು ಮುಗಿದ ಮೇಲೆ. ನಮ್ಮ ಪಾಲಿಗೆ ಬೀಳುವುದು ಮೊದಲಿಗಿಂತ ಕಡಿಮೆಯೇ. ಗೋಡೆಯ ಮೇಲೆ ಆನೆ, ನವಿಲು ಎಂತದೂ ಇಲ್ಲ. ಯಾವ ಹೊತ್ತಿಗೆ ಹೋದರೂ ಬಾಗಿಲು ತೆರೆದಿರುತ್ತದೆ. ಎಲ್ಲರಿಗೂ ಇಂಥವರು ಸಿಗುವುದಿಲ್ಲ, ಗೊತ್ತು. ಡೇ ಕೇರ್‌ಗೇ ಸೇರಿಸಬೇಕಾದರೆ ಬೆಳಿಗ್ಗೆ ಹತ್ತಕ್ಕೆ ಹೋಗಿ ನೋಡಬೇಡಿ. ಆ ಹೊತ್ತಿಗೆ ಎಲ್ಲ ಚೆನ್ನಾಗಿಯೇ ಇರುತ್ತದೆ. ಮಧ್ಯಾಹ್ನ ಹೋಗಿ, ಮಕ್ಕಳೆಷ್ಟು, ನೋಡುವವರೆಷ್ಟು ಅಂತ ನೀವೇ ಎಣಿಸಿ. ಒಳಗೆ ಬಿಡುವುದಿಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ. ನಮ್ಮನ್ನು ಕೇಳದೆ ಯಾವ ಔಷಧಿಯನ್ನೂ ಕೊಡುವಂತಿಲ್ಲ ಎಂದು ಬರೆಸಿಕೊಳ್ಳಿ. ಒಂದು ತಿಂಗಳಿಗಿಂತ ಜಾಸ್ತಿ ದುಡ್ಡು ಕೈಬಿಡಬೇಡಿ, ಎಷ್ಟೇ ಉಳಿತಾಯ ತೋರಿಸಲಿ.

ಈಗಾಗಲೇ ಕಟ್ಟಿಬಿಟ್ಟಿದ್ದೀರಾ? ನಿಮ್ಮ ಮಗುವೂ ಸಂಜೆ ಗಾಡಿಯಲ್ಲಿ ತೂಕಡಿಸುತ್ತಾ, ರಾತ್ರಿಯೆಲ್ಲ ಎಚ್ಚರವಿರುತ್ತದಾ? ಹಾಗಿದ್ದರೆ ನಾಳೆ ಅರ್ಧ ದಿನ ರಜೆ ಹಾಕಿ. ಒಂದೂವರೆಗೆ ಹೋಗಿ. ಫೋನ್ ಮಾಡಬೇಡಿ.