ಯುದ್ಧಕಾಲದ ಜೀಪಿನ ಸೆಲ್ಫ್: 6 ವೋಲ್ಟ್ ಉಳಿಸಿಕೊಳ್ಳುವುದೋ, 12ಕ್ಕೆ ಹೋಗುವುದೋ?

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ತಯಾರಾದ ವಿಲ್ಲಿಸ್ ಎಂಬಿ ಜೀಪಿನ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. ಅದರ 2,199 ಸಿಸಿ ಎಂಜಿನ್ನನ್ನು ತಿರುಗಿಸುವ ಸೆಲ್ಫ್ ಮೋಟರನ್ನು ಕೀಲಿಯಿಂದ ಚಾಲೂ ಮಾಡುವುದಿಲ್ಲ. ಆಕ್ಸಿಲರೇಟರ್ ಪೆಡಲಿನ ಬಲಕ್ಕೆ ನೆಲದಲ್ಲಿರುವ ಸ್ವಿಚ್ಚನ್ನು ಕಾಲಿನಿಂದ ಒತ್ತಬೇಕು, ಮತ್ತು ಮೋಟರು ಎಳೆಯುವ ಅಷ್ಟೂ ಕರೆಂಟು ಆ ಸ್ವಿಚ್ಚಿನ ಮೂಲಕವೇ ಹರಿಯಬೇಕು. ಬಳ್ಳಾರಿಯಲ್ಲಿ ನಾನು ಮೊದಲಿನ ರೂಪಕ್ಕೆ ತಂದಿರುವ ಇಂಥದೊಂದು ಜೀಪಿಗೆ ಮೂರು ಬಗೆಯ ವ್ಯವಸ್ಥೆಗಳನ್ನು ಒಂದಾದ ಮೇಲೊಂದರಂತೆ ಅಳವಡಿಸಿ ಓಡಿಸಿ ನೋಡಿದ್ದೇನೆ.

ಈ ವಿಷಯದಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿದೇಶಗಳವು. ಹಿಮದಲ್ಲಿ ಆಯಿಲ್ ಗಟ್ಟಿಯಾಗಿ ಎಂಜಿನ್ ತಿರುಗದಿರುವುದು ಅಲ್ಲಿಯವರ ತೊಂದರೆ. ನಮ್ಮಲ್ಲಿ ಬೆಳಗಿನ ಹೊತ್ತು ಯಾವ ಜೀಪೂ ಸತಾಯಿಸುವುದಿಲ್ಲ; ಏಪ್ರಿಲ್ ತಿಂಗಳಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಸಂಡೂರಿನ ಏರು ಹತ್ತಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡುವಾಗಲೇ ಅದರ ನಿಜ ಬಣ್ಣ ತಿಳಿಯುವುದು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಕುದಿದು ಆವಿಯಾಗಿರುವುದರಿಂದ ಎಂಜಿನ್ನನ್ನು ಹೆಚ್ಚು ಹೊತ್ತು ತಿರುಗಿಸಬೇಕಾಗುತ್ತದೆ. ತಾಮ್ರದ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ಅಡ್ಡಿ, ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.39ರಷ್ಟು ಏರುವುದರಿಂದ, 20 ಡಿಗ್ರಿಯಲ್ಲಿದ್ದ ಕೇಬಲ್ಲು ಬಾನೆಟ್ಟಿನೊಳಗೆ 70ಕ್ಕೆ ಮುಟ್ಟಿದರೆ ರೋಧ ಐದನೆಯ ಒಂದು ಭಾಗದಷ್ಟು ಹೆಚ್ಚಾಗಿರುತ್ತದೆ. ಸೆಲ್ಫ್ ಎಳೆಯುವಾಗ ವೋಲ್ಟೇಜು ಕುಸಿದಷ್ಟೂ ಇಗ್ನಿಷನ್ ಕಾಯಿಲಿನ ಕಿಡಿಯೂ ಬಡವಾಗುತ್ತದೆ. ಆದ್ದರಿಂದ ನಾನು ಮೂರನ್ನೂ ಅಳೆದದ್ದು ಬಿಸಿ ಎಂಜಿನ್ನಿನ ಮೇಲೆಯೇ.

ಮೊದಲನೆಯದು, 6 ವೋಲ್ಟನ್ನೇ ಇಟ್ಟುಕೊಂಡು ಅದಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವ ದಾರಿ. ಇಂದಿನ 12 ವೋಲ್ಟ್ ಕಾರುಗಳಿಗೆಂದು ಮಾರುವ 25 ಚದರ ಮಿಲಿಮೀಟರ್ ಕೇಬಲ್ಲಿನಲ್ಲಿ, ಹೋಗಿಬರುವ ದಾರಿ ಎರಡೂವರೆ ಮೀಟರ್ ಎಂದಿಟ್ಟುಕೊಂಡರೆ, 300 ಆಂಪಿಯರ್ ಹರಿದಾಗ ಅರ್ಧ ವೋಲ್ಟಿಗೂ ಮಿಗಿಲಾಗಿ ದಾರಿಯಲ್ಲೇ ಕಳೆದುಹೋಗುತ್ತದೆ. 70 ಚದರ ಮಿಲಿಮೀಟರಿನ ವೆಲ್ಡಿಂಗ್ ಕೇಬಲ್ಲಾದರೆ ಕಳೆಯುವುದು 0.2 ವೋಲ್ಟಿಗಿಂತ ಕಡಿಮೆ. 12 ವೋಲ್ಟಿನಲ್ಲಿ ಅರ್ಧ ವೋಲ್ಟು ಲೆಕ್ಕಕ್ಕೆ ಬಾರದು, 6 ವೋಲ್ಟಿನಲ್ಲಿ ಅದೇ ನಷ್ಟ ಎರಡು ಪಟ್ಟು ಭಾರ. ಇನ್ನೊಂದು ಕಳ್ಳ ಜಾಗವೆಂದರೆ ಹೊಸ ಬಣ್ಣ. ಚಾಸಿಸ್ಸಿಗೆ ಪ್ರೈಮರ್, ಅದರ ಮೇಲೆ ಮಿಲಿಟರಿ ಹಸಿರು ಎಂದು ಶ್ರದ್ಧೆಯಿಂದ ಬಳಿದಿರುತ್ತೇವೆ, ಕರೆಂಟು ಬ್ಯಾಟರಿಗೆ ಮರಳುವ ಅರ್ತ್ ಪಟ್ಟಿಯ ಬೋಲ್ಟನ್ನು ಆ ಬಣ್ಣದ ಮೇಲೆಯೇ ಬಿಗಿದಿರುತ್ತೇವೆ. ಎಂಜಿನ್ನು ರಬ್ಬರ್ ಮೌಂಟಿನ ಮೇಲೆ ಕುಳಿತಿರುವುದರಿಂದ ಕರೆಂಟಿಗೆ ಬೇರೆ ಸಲೀಸಾದ ದಾರಿಯೂ ಇರುವುದಿಲ್ಲ. ಬೋಲ್ಟಿನ ಸುತ್ತ ರೂಪಾಯಿ ಅಗಲಕ್ಕೆ ಬಣ್ಣವನ್ನು ಕೆರೆದು, ಲೋಹ ಹೊಳೆಯುವಂತೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲಿನ್ ಸವರಿದ ಮೇಲೆ ಮೋಟರಿನ ದನಿಯೇ ಬದಲಾಯಿತು. ನರಳುವಂತಿದ್ದ ಸದ್ದು ಹೋಗಿ ಒಂದೇ ಸಮನೆ ತಿರುಗುವ ಸದ್ದು ಬಂತು.

ಮೋಟರಿನೊಳಗೆ ಸವೆದಿದ್ದ ಕಂಚಿನ ಬುಷ್‌ಗಳನ್ನೂ ಬದಲಾಯಿಸಬೇಕಾಯಿತು; ಬುಷ್ ಸವೆದರೆ ಮೋಟರಿನಲ್ಲಿ ತಿರುಗುವ ಭಾಗವಾದ ಆರ್ಮೇಚರ್ ವಾಲಿ, ಸುತ್ತ ಅಲುಗದೆ ನಿಂತಿರುವ ಫೀಲ್ಡಿನ ಕಬ್ಬಿಣಕ್ಕೆ ಉಜ್ಜುತ್ತದೆ, ಬಿಸಿಯಲ್ಲಿ ಇದು ಇನ್ನೂ ಕೆಡುತ್ತದೆ. ಸೆಲ್ಫಿನ ಗೇರನ್ನು ಮುಂದಕ್ಕೆ ಜಾರಿಸಿ ಎಂಜಿನ್ನಿಗೆ ಜೋಡಿಸುವ ಬೆಂಡಿಕ್ಸಿನ ಸುರುಳಿಗೆ ಮಾತ್ರ ಗ್ರೀಸ್ ಹಚ್ಚಬಾರದು. ಸಂಡೂರು, ತೋರಣಗಲ್ಲು ದಾರಿಯ ಅದಿರಿನ ಕೆಂಧೂಳು ಅದಕ್ಕೆ ಅಂಟಿಕೊಂಡರೆ ಗೇರು ಮುಂದಕ್ಕೆ ಜಾರುವುದಿಲ್ಲ, ಮೋಟರು ಸುಮ್ಮನೆ ಒಬ್ಬಂಟಿಯಾಗಿ ಸುತ್ತುತ್ತಿರುತ್ತದೆ. ಈ ದಾರಿಯ ಒಂದೇ ಕೊರತೆ ಬ್ಯಾಟರಿಯದು: ಇಷ್ಟು ದೊಡ್ಡ 6 ವೋಲ್ಟ್ ಬ್ಯಾಟರಿ ಅಂಗಡಿಯಲ್ಲಿ ಸಿದ್ಧವಿರುವುದಿಲ್ಲ, ಹೇಳಿ ತರಿಸಬೇಕು.

ಎರಡನೆಯದು, ಹಳೆಯ ಸೆಲ್ಫ್ ಮೋಟರಿಗೇ 12 ವೋಲ್ಟ್ ಕೊಡುವುದು. ನಮ್ಮೂರಿನ ಎಲೆಕ್ಟ್ರಿಷಿಯನ್ನರು ಮೊದಲು ಹೇಳುವುದು ಇದನ್ನೇ. ಬಿಸಿಯಿರಲಿ ತಣ್ಣಗಿರಲಿ ಎಂಜಿನ್ನು ಕ್ಷಣದಲ್ಲಿ ಹಿಡಿಯುತ್ತದೆಂಬುದು ನಿಜ, ಕೆಲವೇ ಸೆಕೆಂಡು ಒತ್ತಿದರೆ ಮೋಟರೂ ಸುಡುವುದಿಲ್ಲ. ಆದರೆ ಬೆಂಡಿಕ್ಸ್ ಗೇರು ಎಂಜಿನ್ನಿನ ಫ್ಲೈವೀಲಿನ ಸುತ್ತಲಿರುವ ಹಲ್ಲಿನ ರಿಂಗಿಗೆ ಬಡಿಯುವ ರಭಸವನ್ನು ಕೇಳಿದವರಿಗೆ ಮನಸ್ಸು ಒಪ್ಪುವುದಿಲ್ಲ. ಸೆಲ್ಫನ್ನು ಬಿಚ್ಚಿ ಆ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿದಾಗ ರಿಂಗಿನ ಹಲ್ಲುಗಳ ಅಂಚಿನಲ್ಲಿ ಬೆಳ್ಳಗೆ ಹೊಸ ಜಜ್ಜುಗಾಯಗಳು ಕಂಡವು. ರಿಂಗ್ ಬದಲಿಸಬೇಕೆಂದರೆ ಗೇರ್‌ಬಾಕ್ಸ್ ಇಳಿಸಬೇಕು, ಹೊಸದನ್ನು ಕಾಯಿಸಿ ಕೂರಿಸಬೇಕು. ಇದರ ಜೊತೆಗೆ ಬಲ್ಬು, ಹಾರ್ನು, ಇಗ್ನಿಷನ್ ಕಾಯಿಲು, ಡೈನಮೋ ಎಲ್ಲವೂ ಬದಲಾಗಬೇಕು, ಪೆಟ್ರೋಲ್ ಗೇಜಿಗೆ ವೋಲ್ಟೇಜು ಇಳಿಸುವ ಏರ್ಪಾಡು ಬೇಕು. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ದಿನಾಲೂ ಓಡಿಸುವವರಿಗೆ ಬೆಳಕಿನ ದೃಷ್ಟಿಯಿಂದ 12 ವೋಲ್ಟೇ ಸರಿ. ಅವರು ಸೆಲ್ಫಿನ ಫೀಲ್ಡ್ ಕಾಯಿಲನ್ನೂ 12ಕ್ಕೆ ತಕ್ಕಂತೆ ಸುತ್ತಿಸಿಕೊಂಡರೆ ಹೊಡೆತ ಕಡಿಮೆಯಾಗುತ್ತದೆ. ಧ್ವಜಾರೋಹಣಕ್ಕೂ ಭಾನುವಾರದ ಸುತ್ತಾಟಕ್ಕೂ ತೆಗೆಯುವ ಗಾಡಿಗೆ ಇಷ್ಟೆಲ್ಲ ಏಕೆ ಎಂಬುದು ನನ್ನ ಪ್ರಶ್ನೆ.

ಮೂರನೆಯದು, ಎರಡು 6 ವೋಲ್ಟ್ ಬ್ಯಾಟರಿಗಳನ್ನಿಟ್ಟು ಸ್ಟಾರ್ಟ್ ಮಾಡುವಾಗ ಮಾತ್ರ ಸೀರೀಸಿಗೆ ತರುವುದು, ಅಂದರೆ ಒಂದರ ಹಿಂದೊಂದು ಜೋಡಿಸಿ 12 ವೋಲ್ಟ್ ಪಡೆಯುವುದು. ಕಾಗದದ ಮೇಲೆ ಇದು ಜಾಣ ಉಪಾಯ. ಎರಡೂ ಬ್ಯಾಟರಿಗಳು ಸಮನಾಗಿ ಚಾರ್ಜ್ ಆಗದೆ ಒಂದು ಬೇಗ ಸೊರಗಿತು, ರಿಂಗಿಗೆ ಬೀಳುವ ಹೊಡೆತವೂ ಉಳಿಯಿತು. ಅದನ್ನು ಬೇಗನೆ ಕಳಚಿಹಾಕಿದೆ.

ಈಗ ಜೀಪಿನಲ್ಲಿರುವುದು ದಪ್ಪ ಕೇಬಲ್ಲಿನ 6 ವೋಲ್ಟ್ ವ್ಯವಸ್ಥೆಯೇ, ಒಂದು ಸಣ್ಣ ಬದಲಾವಣೆಯೊಂದಿಗೆ. ಕಾಲಿನ ಸ್ವಿಚ್ಚು ತನ್ನ ಜಾಗದಲ್ಲೇ ಇದೆ, ಆದರೆ ಅದು ಈಗ ಭಾರೀ ಕರೆಂಟನ್ನು ಹೊರದೆ, ಬ್ಯಾಟರಿಯ ಪಕ್ಕದಲ್ಲಿ ಕಣ್ಣಿಗೆ ಬೀಳದಂತೆ ಕೂರಿಸಿದ ಸೊಲೆನಾಯ್ಡನ್ನು, ಅಂದರೆ ಸಣ್ಣ ಕರೆಂಟಿನಿಂದ ಭಾರೀ ಕರೆಂಟನ್ನು ಹಾಯಿಸುವ ವಿದ್ಯುತ್ಕಾಂತದ ಸ್ವಿಚ್ಚನ್ನು, ಮಾತ್ರ ಎಚ್ಚರಿಸುತ್ತದೆ. ಸೊಲೆನಾಯ್ಡ್ ಕೊಳ್ಳುವವರು ಅದರ ಕಾಯಿಲು 6 ವೋಲ್ಟಿನದೇ ಎಂದು ಖಚಿತಪಡಿಸಿಕೊಳ್ಳಬೇಕು. 12 ವೋಲ್ಟಿನದನ್ನು ಹಾಕಿದರೆ ಸೆಲ್ಫ್ ಎಳೆದು ವೋಲ್ಟೇಜು ತಗ್ಗಿದೊಡನೆ ಅದು ಹಿಡಿತ ಬಿಟ್ಟು ಟಕಟಕನೆ ಬಡಿದುಕೊಳ್ಳುತ್ತದೆ, ಕರೆಂಟನ್ನು ಕೂಡಿಸುವ ಅದರ ಬಿಲ್ಲೆಗಳು ಸುಟ್ಟು ಅಂಟಿಕೊಳ್ಳುತ್ತವೆ.